ನನಗೇ ನಾನು ಕೊಟ್ಟ ಉತ್ತರ

ನವೆಂಬರ್ ೧೬, ಭಾನುವಾರ. ಬಾಣಸವಾಡಿ.

ತಂಗಿ ಪೂಜಿತಾ ಪಕ್ಕದಲ್ಲೇ ಮಲಗಿದ್ದಾಳೆ. ಅವಳ ಕಡೆ ತಿರುಗಲು ನಾಚಿಕೆಯಾಗುತ್ತಿದೆ.

ಎರಡು ಸೂಪರ್‌ಹೀರೋ ಧಾರಾವಾಹಿಗಳನ್ನು ಸೇರಿಸಿದ ವಿಶೇಷ ಸಂಚಿಕೆ ನಿನ್ನೆ ಬಂತು. ನನ್ನ ಮೆಚ್ಚಿನ ನಾಯಕನನ್ನು ಮೂಲೆಗೆ ತಳ್ಳಿ, ಇಡೀ ತಂಡವನ್ನು ಯಾರೋ ಹೊಸ ಕಪ್ಪು ಹುಡುಗಿಯ ಕೈಗೆ ಕೊಟ್ಟಿದ್ದರು. ಮೈಯೆಲ್ಲ ಉರಿಯಿತು. ಅಭಿಮಾನಿಗಳ ಪೇಜಿನಲ್ಲಿ ಸುಳ್ಳು ಹೆಸರಿಟ್ಟುಕೊಂಡು, "ಇವಳು ಲೋಕ ಉಳಿಸ್ತಾಳಾ? ಮೊದ್ಲು ಮುಖ ತೊಳ್ಕೊಂಡು ಬರ್ಲಿ" ಎಂದು ಬರೆದೆ. ಜನ ಬಿದ್ದು ಬಿದ್ದು ನಕ್ಕರು.

ಪೂಜಿತಾ ಇವತ್ತು ಬೆಳಗಿನಿಂದ ಅಂಬೇಡ್ಕರ್ ಜಯಂತಿಗೆ ತಂದ ನೀಲಿ ಶಾಲನ್ನು ಆ ಹುಡುಗಿಯ ಹಾಗೇ ಬೆನ್ನಿಗೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದಳು. ಸಂಜೆ ಮೊಬೈಲ್ ಹಿಡಿದು ಬಂದಳು.

"ಅಕ್ಕ, ಯಾವನೋ ಹೆಂಗ್ ಬರ್ದಿದಾನೆ ನೋಡು. ಸ್ಕೂಲಲ್ಲಿ ನಂಗೂ ಹಿಂಗೇ ಅಂತಾರೆ. ನೀನು ಚೆನ್ನಾಗ್ ಬರೀತೀಯಲ್ಲ, ಇವನಿಗೆ ಸರಿಯಾಗಿ ಉತ್ತರ ಕೊಡು."

ನಾವಿಬ್ಬರೂ ಒಂದೇ ಬಣ್ಣ. ನನ್ನ ನಿಜವಾದ ಹೆಸರಿನಲ್ಲಿ ಉತ್ತರ ಬರೆದೆ. ಓದಿ ನನ್ನನ್ನು ತಬ್ಬಿಕೊಂಡಳು.

ಆ ಉತ್ತರಕ್ಕೆ ಇನ್ನೂ ಅವಳದೊಂದೇ ಲೈಕು. ಮೊದಲು ಬರೆದದ್ದಕ್ಕೆ ಏರುತ್ತಲೇ ಇದೆ. ಅಳಿಸಿಬಿಡೋಣ ಎಂದು ಈಗ ತೆರೆದೆ. ತೆರೆದವಳು ಮೊದಲು ಲೈಕು ಎಷ್ಟಾಯಿತು ಅಂತ ನೋಡಿದೆನಲ್ಲ.