ಬಾವಿಯ ಮೆಟ್ಟಿಲುಗಲ್ಲು

ವರ್ತೂರು
14 ಜೂನ್ 2025, ಶನಿವಾರ ಬೆಳಗಿನ ಜಾವ

ಪ್ರೀತಿಯ ಅಪ್ಪನಿಗೆ,

ಪಕ್ಕದ ಕೋಣೆಯಲ್ಲಿ ಮಲಗಿರುವ ಅಪ್ಪನಿಗೆ ಕಾಗದ ಬರೆಯುವ ಮಗಳು ವರ್ತೂರಿನಲ್ಲಿ ನಾನೊಬ್ಬಳೇ ಇರಬೇಕು. ಎದುರು ಕೂತರೆ ಮತ್ತೆ ಅದೇ ಸುಳ್ಳು ಬಾಯಿಗೆ ಬರುತ್ತದೆ, ಅದಕ್ಕೇ ಪೆನ್ನು ಹಿಡಿದೆ. ಓದಿ ಮುಗಿಸುವವರೆಗೆ ಬೈಯಬೇಡ.

ನಾಳೆ ಒಂಬತ್ತಕ್ಕೆ ನನ್ನ ಇನ್ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಟ್ರಯಲ್ಸ್. ಮೊದಲ ಇಬ್ಬರಿಗೆ ಮಾತ್ರ ಭಾರತ ತಂಡದ ಶಿಬಿರ. ನನಗೆ ಇಪ್ಪತ್ತಮೂರು ತುಂಬಿತು. ಇನ್ನೊಂದು ಅವಕಾಶ ಸಿಗುತ್ತದೆಂದು ಕೋಚ್ ದಿವ್ಯಾ ಮೇಡಂ ಸಮಾಧಾನಕ್ಕಾದರೂ ಹೇಳುತ್ತಿಲ್ಲ. ನೀನು ಬರಬೇಕು. ನವೆಂಬರಿನ ರಾಜ್ಯ ಚಾಂಪಿಯನ್‌ಷಿಪ್ ಆದಮೇಲೆ ಒಂದು ರೇಸಿಗೂ ಬಂದಿಲ್ಲ. ಕೇಳಿದರೆ, "ಆ ಮೋಸಗಾರರು ಕೂತಿರೋ ಕಡೆ ನಾನು ಬರಾಕಿಲ್ಲ ಕಣಮ್ಮ" ಅನ್ನುತ್ತೀಯ.

ಅವರು ಮೋಸ ಮಾಡಿರಲಿಲ್ಲ ಅಪ್ಪಾ. ಆ ದಿನ ಮೊದಲು ಮುಟ್ಟಿದ್ದು ನಾನೇ, ಆದರೆ ಒಂದೇ ಕೈಯಲ್ಲಿ. ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ಕೊಳದ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕು, ಇಲ್ಲದಿದ್ದರೆ ಅನರ್ಹ. ಕೊನೆಯ ಐದು ಮೀಟರಿನಲ್ಲಿ ಉಸಿರು ಸಾಲಲಿಲ್ಲ, ಬಲಗೈ ತಾನಾಗಿ ಮುಂದೆ ಹೋಯಿತು. ಏನು ಹುಡುಕಿಕೊಂಡು ಹೋಯಿತು ಗೊತ್ತಾ? ನಮ್ಮ ಬಾವಿಯ ಮೆಟ್ಟಿಲುಗಲ್ಲು.

ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನನ್ನನ್ನು ಬಾವಿಗೆ ದಬ್ಬಿದಾಗ ನನಗೆ ಏಳು ವರ್ಷ. ನೀನು ಮೇಲೆ ನಿಂತು, "ಕಪ್ಪೆ ಅಂಗೆ ಒದಿ, ಸುಸ್ತಾದ್ರೆ ಬಲಗೈಲಿ ಕಲ್ಲು ಇಡ್ಕ" ಎಂದು ಕೂಗುತ್ತಿದ್ದೆ. ಆಮೇಲೆ ರಸ್ತೆ ಅಗಲವಾಗಿ ಬಾವಿ ಮುಚ್ಚಿಹೋಯಿತು. ಬಾವಿ ಇದ್ದವನು ನೀನು ನೀರಿನ ಟ್ಯಾಂಕರ್ ಓಡಿಸತೊಡಗಿದೆ, ನಾನು ಮಹದೇವಪುರದ ಈಜುಕೊಳಕ್ಕೆ ಹೋದೆ. ಕೈ ಮಾತ್ರ ಕಲ್ಲನ್ನು ಮರೆತಿರಲಿಲ್ಲ.

ನಿಜ ಹೇಳಿದರೆ ನಿನ್ನ ಪಾಠದ್ದೇ ತಪ್ಪೆಂದು ಕೊರಗುತ್ತೀಯ ಎಂದು ಹೆದರಿದೆ. ತೀರ್ಪುಗಾರರು ಇನ್ನೊಬ್ಬಳ ಪರ ಎಂದುಬಿಟ್ಟೆ. ನೀನು ಟೀ ಅಂಗಡಿಯಲ್ಲೆಲ್ಲ ಅವರ ಜನ್ಮ ಜಾಲಾಡಿದೆ, ನಾನು ತಲೆ ತಗ್ಗಿಸಿ ಅನ್ನ ಉಂಡೆ. ಈಗ ನಾಚಿಕೆಯಾಗುತ್ತಿದೆ.

ಆದರೆ ನನಗೆ ರಾಷ್ಟ್ರಮಟ್ಟದ ಕಂಚು ತಂದ ಒದೆತವೂ ಅದೇ ಬಾವಿಯದು. ದಿವ್ಯಾ ಮೇಡಂ ಹತ್ತು ವರ್ಷದಲ್ಲಿ ನನ್ನ ಕೈ, ಕತ್ತು, ಉಸಿರು ಎಲ್ಲ ತಿದ್ದಿದರು, ಕಾಲಿನ ಗೊಡವೆಗೆ ಮಾತ್ರ ಹೋಗಲಿಲ್ಲ. "ಅದನ್ನ ಯಾರು ಕಲಿಸಿದ್ರೋ ಚೆನ್ನಾಗೇ ಕಲಿಸಿದ್ದಾರೆ ಬಿಡು" ಎಂದರು. ಏಳು ತಿಂಗಳಿಂದ, ಅಭ್ಯಾಸ ಮುಗಿದು ಸುಸ್ತಾದ ಮೇಲೆ, ದಿನಾ ಐವತ್ತು ಸಲ ಎರಡೂ ಕೈಯಿಂದ ಗೋಡೆ ಮುಟ್ಟುತ್ತಿದ್ದೇನೆ. ಕೈ ಈಗ ಹೇಳಿದ ಮಾತು ಕೇಳುತ್ತದೆ. ಆದರೂ ಆ ಕೊನೆಯ ಐದು ಮೀಟರಿಗೆ ನಿನ್ನ ಕೂಗು ಬೇಕು.

ಇದನ್ನು ನಿನ್ನ ಟ್ಯಾಂಕರಿನಲ್ಲಿ ಇಟ್ಟು ಅಭ್ಯಾಸಕ್ಕೆ ಹೊರಡುತ್ತೇನೆ.

ನಿನ್ನ ಸುಳ್ಳುಬುರುಕಿ,
ವೇಣಿ

ಮರೆತ ಮಾತು: ಕಾಗದ ಇಡಲೆಂದು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದೆ. ಗಾಡಿಯ ಇನ್ಶೂರೆನ್ಸ್ ಕಾಗದದ ಅಡಿ ನವೆಂಬರಿನ ಫಲಿತಾಂಶದ ಜೆರಾಕ್ಸ್ ಇತ್ತು. ನನ್ನ ಹೆಸರಿನ ಮುಂದೆ "ಅನರ್ಹ, ಒಂದೇ ಕೈ" ಎಂದಿರುವಲ್ಲಿ ನೀನು ಗೆರೆ ಎಳೆದಿದ್ದೀಯ. ಅಂದರೆ ಎಲ್ಲ ಗೊತ್ತಿದ್ದೂ ನನ್ನ ಮಾನ ಉಳಿಸಲು ಊರೆಲ್ಲ ಅವರನ್ನು ಬೈದುಕೊಂಡು ತಿರುಗಿದೆ. ಕೆಳಗೆ ನಿನ್ನ ಅಕ್ಷರದಲ್ಲಿ "ನಾನು ಕಲಿಸಿದ್ದೇ ತಪ್ಪು" ಎಂದಿತ್ತು. ಅದಕ್ಕೆ ಕಾಟು ಹೊಡೆದಿದ್ದೇನೆ. ನಾಳೆ ಮುಂದಿನ ಸಾಲಿನಲ್ಲೇ ಕೂತು, "ಎರಡೂ ಕೈ" ಎಂದು ಕೂಗು.