ಒಂದೇ ಕಿಕ್ಕಿನ ಮಾತು

ಜುಲೈ ೧೪, ಸೋಮವಾರ

ಇವತ್ತು ನನ್ನ ಬಾಯಿ ನನಗೇ ತಿರುಗಿಬಿತ್ತು. ಅಣ್ಣನ ಮಗ ಪರಮೇಶ, ಹೊಸದಾಗಿ ವಿದ್ಯಾಳನ್ನು ಮದುವೆಯಾದವನು, ನನ್ನ ಗ್ಯಾರೇಜಿಗೆ ಬಂದು, “ಕಾಕಾ, ನಿನ್ನೆ ನಾನೂ ವಿದ್ಯಾನೂ ನಿರೋಧ ಇಲ್ಲದ ಕೂಡಿದ್ವಿ. ಆಕಿಗೆ ಪೊಲೀಸ್ ನೌಕರಿ ಭರ್ತಿಯ ಓಟದ ಪರೀಕ್ಷಾ ಐತಿ. ಬಸಿರಾದ್ರ ಹೆಂಗ?” ಎಂದ. “ಒಂದ ಕಿಕ್ಕಿಗೆ ಯಾವ ಗಾಡಿ ಚಾಲೂ ಆಗತೈತಲೇ?” ಎಂದು ಮೀಸೆ ತಿರುವಿ ಕಳಿಸಿದೆ.

ಊಟದ ಹೊತ್ತಿಗೆ ಅದನ್ನೇ ಜಂಬದಿಂದ ಹೇಳಿದೆ. ಹೆಂಡತಿ ಬೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಮ್ಮ ಪ್ರಸ್ತದ ಮರುದಿನಾನ ನೀವು ಪುಣೆಕ್ಕ ಹೋದ್ರಿ. ಒಂದ ರಾತ್ರಿಗೆ ಮಗ ಹುಟ್ಟಿದ ಅಂತ ಹೆಬ್ಬಳ್ಳಿ ಊರ ತುಂಬ ಡಂಗುರ ಹೊಡದವರು ಯಾರ್ರಿ?” ಎಂದಳು.

ತುತ್ತು ಬಿಟ್ಟೆದ್ದು ಪರಮೇಶನಿಗೆ ಫೋನ್ ಮಾಡಿದೆ: “ಒಂದ ಸಲಕ್ಕೂ ಆಗತೈತಿ. ಬಸಿರು ತಡಿಯೂ ಗುಳಿಗಿ ಎಷ್ಟು ಲಗೂ ನುಂಗಿದ್ರ ಅಷ್ಟು ಛಲೋ. ಈಗ ಮೆಡಿಕಲ್ಲಿಗೆ ಓಡು!” ನಾಳೆ ಗ್ಯಾರೇಜ್ ತೆಗೆಯುವ ಮೊದಲು ಇಬ್ಬರನ್ನೂ ಡಾಕ್ಟರ ಬಳಿ ನಾನೇ ಕರೆದೊಯ್ಯುತ್ತೇನೆ. ವಿದ್ಯಾ ಓಡಲೇಬೇಕು. ಪೊಲೀಸಾದ ಮೇಲೆ ಬೇಕಾದರೆ ಮೊದಲು ನನ್ನನ್ನೇ ಹಿಡಿಯಲಿ.