ಸಾಲೊಂಗೊ ಮಾತು ಕೇಳದ ಬಲ್ಬು

ರೀ ಸಾಲೊಂಗೊ,

ಅವಳಿ ಹುಟ್ಟಿದ್ದೇ ತಡ, ಇಡೀ ಕಂಪಾಲಾ ನಿಮ್ಮನ್ನು ಆ ಬಿರುದಿನಿಂದಲೇ ಕರೀತಿದೆ. ಸಂತೋಷ. ಆದರೆ ಹೊಸ ಮನೆಗೆ ಬಂದವರೇ ವೈಫೈಗೂ ಅದೇ ಹೆಸರಿಟ್ಟಿರಲ್ಲ, ಅದಕ್ಕೇ ಬಲ್ಬು, ಗೇಟಿನ ಗಂಟೆ, ತೊಟ್ಟಿಲ ಕ್ಯಾಮೆರಾ ಯಾವುದೂ ಮಾತು ಕೇಳ್ತಿಲ್ಲ. ಬೆಳಗ್ಗೆ ನಿಮ್ಮಮ್ಮ ಬಲ್ಬಿಗೇ ಕೈಮುಗಿದರು: “ಹತ್ಕೊಳ್ಳಪ್ಪಾ, ಹೇಳ್ತಿರೋನು ಅವಳಿ ಮಕ್ಕಳ ಅಪ್ಪ, ಸಾಮಾನ್ಯದವನಲ್ಲ!”

ಒಂದೊಂದನ್ನೇ ಬಿಚ್ಚಿ ಮತ್ತೆ ಜೋಡಿಸೋಕೆ ಹೋಗಬೇಡಿ. ವೈಫೈಗೆ ಹಳೇ ಮನೇಲಿದ್ದ ಹಾಗೇ ‘ಮಯಂಜ’ ಅಂತ ನಿಮ್ಮ ಹೆಸರು, ಹಳೇ ಪಾಸ್‌ವರ್ಡ್ ಹಾಕಿ, ಸಾಕು. ಮನೆ ಬದಲಾಗಿದ್ದೇ ಅವಕ್ಕೆ ಗೊತ್ತಾಗಲ್ಲ.

ಮಕ್ಕಳಿಗೆ ಲಸಿಕೆ ಹಾಕಿಸಿ ಬರ್ತೀನಿ. ಮಟೋಕೆ ಬಾಳೆಲೆಯಲ್ಲಿ ಬೆಚ್ಚಗಿದೆ, ತಿನ್ನಿ.

ಮುಖ ಊದಿಸಿಕೋಬೇಡಿ. ಊರಿಗೆಲ್ಲ ನೀವು ಸಾಲೊಂಗೊ. ಬಲ್ಬಿಗೆ ಮಾತ್ರ ಇನ್ನೂ ನನ್ನ ಹಿಂದೆ ಸುತ್ತುತ್ತಿದ್ದ ಆ ಮಯಂಜನೇ.

ನನಗೂ ಅಷ್ಟೇ.

ನಂತುಮೆ